ಬಸ್ಸು ನಿಂತಿದೆ, ಡ್ಯೂಟಿ ಮುಗಿದಿಲ್ಲ: ಆ ಹೊತ್ತಿಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ಕೆಲವು ಚಾಲಕರು ಮತ್ತು ನಿರ್ವಾಹಕರು, ತಮ್ಮ ಕೆಲಸದ ಗಂಟೆಗಳ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಗನ್ನಡದಲ್ಲಿ ಕೈಪಿಡಿಯಾಗಿ ಬರೆದುಕೊಡಿ ಎಂದು ಕೇಳಿದ್ದಾರೆ. ರಜೆ, ಹೆಚ್ಚುವರಿ ದುಡಿಮೆ, ವಾರದ ಬಿಡುವು ಇವಕ್ಕೆಲ್ಲ ಪದಗಳು ತಾವಾಗಿ ಸಿಕ್ಕವು. ಬಸ್ಸು ನಿಂತಿದ್ದರೂ ಮನುಷ್ಯ ಮನೆಗೆ ಹೋಗುವಂತಿಲ್ಲ ಎಂಬ ಹೊತ್ತು ಇದೆಯಲ್ಲ, ಅದಕ್ಕೆ ಮಾತ್ರ ಸರಿಯಾದ ಪದ ಸಿಗುತ್ತಿಲ್ಲ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೆಲಸದ ಗಂಟೆಗಳಲ್ಲಿ ಮೂರು ಬಗೆಯ ಹೊತ್ತನ್ನು ಸೇರಿಸಿತ್ತು. ಗಾಡಿ ಓಡುವ ಹೊತ್ತು ಮೊದಲನೆಯದು. ರಿಜಿಸ್ಟರಿಗೆ ಸಹಿ ಹಾಕುವುದು, ಲೆಕ್ಕ ಒಪ್ಪಿಸಿ ಹಣ ಕಟ್ಟುವುದು, ಗಾಡಿಯನ್ನು ಘಟಕಕ್ಕೆ ತಂದು ನಿಲ್ಲಿಸುವುದು ಮುಂತಾದ ಜೊತೆಗೆಲಸ ಎರಡನೆಯದು. ಮೂರನೆಯದು, ಕೊನೆಯ ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ಅವಧಿಯ ‘ಮಿಯರ್ ಅಟೆಂಡೆನ್ಸ್’. ಈ ಮೂರೂ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಗೂ ಬಂದಿವೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಹಾಗಾಗಿ ಇದು ಹಳೆಯ ಕಡತದ ಪದವೆಂದು ಬದಿಗಿಡುವಂತಿಲ್ಲ.

ಮೂರನೆಯದನ್ನು ‘ಬರಿಯ ಹಾಜರಿ’ ಎಂದು ಬರೆದು ನೋಡಿದೆ, ಒಪ್ಪಲಿಲ್ಲ. ನಮ್ಮಲ್ಲಿ ಹಾಜರಿ ಎಂದರೆ ಪುಸ್ತಕದಲ್ಲಿ ಹೆಸರಿನ ಮುಂದೆ ಬೀಳುವ ಗುರುತು. ಕಾಯ್ದೆಯ ಅರ್ಥ ಬೇರೆ: ಕರೆ ಬಂದರೆ ಓಗೊಡಲು, ಇಲ್ಲವೇ ಗೊತ್ತಾದ ವೇಳೆಗೆ ಮತ್ತೆ ಕೆಲಸ ಹಿಡಿಯಲು ತನ್ನ ಜಾಗದಲ್ಲೇ ಇರುವುದು. ಅದರ ಹಿಂದೆ ‘ಬರಿಯ’ ಎಂದು ಸೇರಿಸಿದರೆ ದುಡಿಯುವವನನ್ನು ಸುಮ್ಮನೆ ಕೂತವನನ್ನಾಗಿ ಮಾಡಿದಂತೆ ಆಗುತ್ತದೆ. ‘ಕಾದಿರುವ ಹೊತ್ತು’ ಎಂಬುದು ನನಗೆ ಹೆಚ್ಚು ಹಿಡಿಸಿದೆ. ಕಾಯುವುದೆಂದರೆ ನಿರೀಕ್ಷಿಸುವುದೂ ಹೌದು, ರಕ್ಷಿಸುವುದೂ ಹೌದು. ನಿಂತ ಬಸ್ಸಿನಲ್ಲಿ ಟಿಕೆಟ್ ಯಂತ್ರ ಮತ್ತು ಹಣದ ಚೀಲ ಹಿಡಿದು ಕೂತ ನಿರ್ವಾಹಕ ಈ ಎರಡನ್ನೂ ಮಾಡುತ್ತಿರುತ್ತಾನೆ. ಆದರೆ ಓದುಗರಿಗೆ ಬಸ್ಸಿಗಾಗಿ ಕಾಯುವ ಪ್ರಯಾಣಿಕರೇ ಮೊದಲು ನೆನಪಾದಾರೆಂಬ ಅಳುಕು ಇದೆ.

ಇನ್ನು ವಸ್ತಿ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ವಾಯವ್ಯ ಕರ್ನಾಟಕ ಸಾರಿಗೆಯ ವ್ಯಾಪ್ತಿಯಲ್ಲಿವೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಯದು. ಆದರೂ ಕೃಷ್ಣೆಯ ಎರಡೂ ದಡಗಳಲ್ಲಿ ‘ವಸ್ತಿ ಬಸ್ಸು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ರಾತ್ರಿ ಹಳ್ಳಿಗೆ ಹೋಗಿ ಅಲ್ಲೇ ನಿಂತು, ನಸುಕಿನಲ್ಲಿ ಕಾಲೇಜಿನ ಮಕ್ಕಳನ್ನು, ಕಾಯಿಪಲ್ಲೆ ಬುಟ್ಟಿಗಳನ್ನು ಹೊತ್ತು ಪೇಟೆಗೆ ಬರುವ ಬಸ್ಸು. ಸಂಸ್ಕೃತದ ‘ವಸತಿ’ಯೇ ಇದರ ಮೂಲ. ಮರಾಠಿಯಲ್ಲೂ ಇದೇ ರೂಪವಿದೆ. ಬೀಗರ ಊರಲ್ಲಿ ಒಂದು ರಾತ್ರಿ ವಸ್ತಿ ಇದ್ದು ಬಂದೆವು ಎನ್ನುವಾಗ ಆ ಮಾತಿನಲ್ಲಿ ಊಟ, ಹಾಸಿಗೆ, ಆದರ ಎಲ್ಲವೂ ಇರುತ್ತವೆ. ವಸ್ತಿ ಡ್ಯೂಟಿಯವರಿಗೆ ಅವು ಇರುವುದಿಲ್ಲ. ಅವರಲ್ಲಿ ಹಲವರು ಬಸ್ಸಿನ ಸೀಟಿನ ಮೇಲೋ ಗುಡಿಯ ಕಟ್ಟೆಯ ಮೇಲೋ ಮಲಗುತ್ತಾರೆ. ದಿನದ ಗಳಿಕೆ ಇನ್ನೂ ನಿರ್ವಾಹಕನ ತಲೆದಿಂಬಿನ ಕೆಳಗೇ ಇರುತ್ತದೆ.

ಇಲ್ಲಿ ಪದದ ಪ್ರಶ್ನೆ ಹಕ್ಕಿನ ಪ್ರಶ್ನೆಯೂ ಆಗುತ್ತದೆ. ಗಾಡಿಯ ಓಟ ಗೊತ್ತುಪಡಿಸಿದ ಅವಧಿಗಿಂತ ಹೆಚ್ಚು ಹೊತ್ತು ತಡೆದಿದ್ದು, ಆಗ ಕಾರ್ಮಿಕ ತನ್ನ ಹೊತ್ತನ್ನು ಮನಬಂದಂತೆ ಕಳೆಯಲು ಸ್ವತಂತ್ರನಾಗಿದ್ದರೆ ಕಾನೂನು ಅದನ್ನು ಓಟದ ಲೆಕ್ಕದಿಂದ ಬಿಡುತ್ತದೆ. ಹಣವನ್ನೂ ಗಾಡಿಯನ್ನೂ ಬಿಟ್ಟು ಕದಲಲಾಗದವನನ್ನು ಸ್ವತಂತ್ರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ರಾತ್ರಿ ವಿಶ್ರಾಂತಿ’ ಎಂದು ಬರೆದರೆ ವಾದ ಆರಂಭವಾಗುವ ಮೊದಲೇ ಅವನು ಸೋತಂತೆ. ಅದಕ್ಕೇ ಕೈಪಿಡಿಯಲ್ಲಿ ‘ವಸ್ತಿ ಡ್ಯೂಟಿ’ ಎಂದೇ ಉಳಿಸಿಕೊಳ್ಳಬೇಕೆಂದಿದ್ದೇನೆ. ‘ಡ್ಯೂಟಿ’ಯ ಜಾಗಕ್ಕೆ ‘ಕರ್ತವ್ಯ’ ತಂದರೆ ಕೂಲಿಯ ಮಾತು ಹಿಂದೆ ಸರಿದು ಧರ್ಮದ ಮಾತು ಮುಂದೆ ಬರುತ್ತದೆ. ಅದು ಬೇಡ.

ಇನ್ನೂ ಮೂರು ಪದಗಳಿವೆ. 1961ರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಸಾಮಾನ್ಯ ಮಿತಿಯಾಗಿತ್ತು. ಬಿಡುವೂ ಸೇರಿ, ದಿನದ ಕೆಲಸ ಶುರುವಾದಲ್ಲಿಂದ ಮುಗಿಯುವವರೆಗಿನ ಒಟ್ಟು ಹೊತ್ತು, ಅಂದರೆ ‘ಸ್ಪ್ರೆಡ್ ಓವರ್’, 12 ಗಂಟೆ ಮೀರಬಾರದು ಎಂದಿತ್ತು. ಎರಡಕ್ಕೂ ‘ಕೆಲಸದ ಅವಧಿ’ ಎಂದು ಬರೆದರೆ 8 ಯಾವುದು, 12 ಯಾವುದು ಎಂದು ಓದುವವರಿಗೆ ಗೊಂದಲವಾಗುತ್ತದೆ. ಮೊದಲನೆಯದಕ್ಕೆ ‘ದುಡಿಮೆಯ ಗಂಟೆ’, ಎರಡನೆಯದಕ್ಕೆ ‘ದಿನದ ಹರವು’ ಎಂದರೆ ಹೇಗೆ? ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ದುಡಿಸಿ ನಡುವೆ ಬಿಡುವ ‘ಸ್ಪ್ಲಿಟ್ ಡ್ಯೂಟಿ’ಗೆ ‘ತುಂಡು ಪಾಳಿ’ ಎಂದು ಬರೆದಿದ್ದೇನೆ. ‘ಪಾಳಿ’ ಇಲ್ಲಿ ಎಲ್ಲರ ಬಾಯಲ್ಲಿರುವ ಪದ. ದಿನದ ಕೆಲಸವನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ ಎಂದು ಅದೇ ಕಾಯ್ದೆ ಹೇಳಿತ್ತು. ‘ತುಂಡು’ ಎಂದರೆ ಅದು ಕೇಳಿದೊಡನೆ ತಿಳಿಯುತ್ತದೆ.

ಬಲ್ಲವರಿಂದ ತಿಳಿಯಬೇಕಾದದ್ದು ಇಷ್ಟು: ‘ಕಾದಿರುವ ಹೊತ್ತು’ ನಿಮ್ಮ ಕಡೆ ಸರಿಯಾದ ಅರ್ಥ ಕೊಡುತ್ತದೆಯೇ? ಅಥಣಿ, ಚಿಕ್ಕೋಡಿ ಕಡೆಯ ನಿರ್ವಾಹಕರು, ರೈಲ್ವೆ ಗೇಟಿನವರು ಇದಕ್ಕೆ ಬಳಸುವ ಬೇರೆ ಮಾತು ಇದೆಯೇ? ಮೈಸೂರು, ಮಂಗಳೂರು ಕಡೆ ‘ವಸ್ತಿ ಡ್ಯೂಟಿ’ಗೆ ಏನೆನ್ನುತ್ತಾರೆ? ಅವರವರು ಆಡುವ ಮಾತನ್ನು ತಿದ್ದದೆ ಹಾಗೆಯೇ ಬರೆದು ಕಳಿಸಿ.