ಹಳೆಯ ಆರ್‌ಸಿಸಿ ಮನೆಯ ಕಾವು ತಗ್ಗಿಸಿದವರು ಹೇಳಿ: ಮೊದಲು ಎಲ್ಲಿ ಕೈ ಹಾಕಬೇಕು?

ಪ್ರಶ್ನೆ, ಕಲಬುರಗಿಯಿಂದ

ನಮ್ಮದು 1986ರಲ್ಲಿ ತಂದೆಯವರು ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಬರೀ ಸಿಮೆಂಟ್ ಗಿಲಾವು. ಮಲಗುವ ಕೋಣೆ ಪಶ್ಚಿಮಕ್ಕಿದೆ. ಏಪ್ರಿಲ್ ಬಂತೆಂದರೆ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆಯೇ ದೊಡ್ಡ ಕಾಟ. ಹತ್ತು ಗಂಟೆಗೆ ಫ್ಯಾನ್ ಹಾಕಿದರೂ ಬಿಸಿಗಾಳಿಯನ್ನೇ ಮೈಮೇಲೆ ಸುರಿಯುತ್ತದೆ. ಕಳೆದ ವರ್ಷ ಒಂದೂವರೆ ಟನ್ನಿನ ಎಸಿ ಹಾಕಿಸಿದೆವು. ಮೇ ತಿಂಗಳಲ್ಲಿ ಬಳಕೆ 200 ಯೂನಿಟ್ ದಾಟಿದ್ದರಿಂದ ಆ ತಿಂಗಳು ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ಲು ಕಟ್ಟಬೇಕಾಯಿತು. ಒಬ್ಬರು ಒಳಗೆ ಫಾಲ್ಸ್ ಸೀಲಿಂಗ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಮೇಲೆ ಬಿಳಿ ಬಣ್ಣ ಸಾಕು ಎನ್ನುತ್ತಾರೆ, ಮತ್ತೊಬ್ಬರು ತಗಡಿನ ಶೆಡ್ ಎನ್ನುತ್ತಾರೆ. ಮಾಳಿಗೆಯ ಮೇಲೆ ಅವ್ವ ಹಪ್ಪಳ, ಮೆಣಸಿನಕಾಯಿ ಒಣಗಿಸುತ್ತಾರೆ, ಅದಕ್ಕೂ ಅಡ್ಡಿಯಾಗಬಾರದು. ಮಾಡಿಸಿ ನೋಡಿದವರು ದಯವಿಟ್ಟು ತಿಳಿಸಿ.

ರಾಯಚೂರಿನಿಂದ

ಅಕ್ಕಾ, ಮೊದಲು ಬಿಳಿ ಬಣ್ಣ. ಉಳಿದದ್ದೆಲ್ಲ ಆಮೇಲೆ. ನಮ್ಮ ಮನೆಯದೂ ಬೋಳು ಸ್ಲ್ಯಾಬ್. ಕೂಲ್ ರೂಫ್ ಬಣ್ಣ ಎಂದೇ ಅಂಗಡಿಯಲ್ಲಿ ಸಿಗುತ್ತದೆ. ಬೂದುಬಣ್ಣದ ಹಳೆಯ ಕಾಂಕ್ರೀಟ್ ಬಿಸಿಲಿನ ಬಹುಪಾಲನ್ನು ಹೀರಿಕೊಂಡರೆ, ಹೊಸದಾಗಿ ಬಳಿದ ಒಳ್ಳೆಯ ಬಿಳಿ ಬಣ್ಣ ಮುಕ್ಕಾಲು ಪಾಲಿನಷ್ಟನ್ನು ಹಿಂದಕ್ಕೆ ಅಟ್ಟುತ್ತದೆ. ಒಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿವರೆಗೆ ವ್ಯತ್ಯಾಸ ಕಾಣುತ್ತದೆ. ನಮ್ಮ ಗಡಿಯಾಚೆಗಿನ ತೆಲಂಗಾಣದಲ್ಲಿ 2023ರಲ್ಲಿ ಸರ್ಕಾರವೇ ತಂಪು ಛಾವಣಿ ನೀತಿ ತಂದಿದೆ.

ಕೈ ಬಿಗಿಯಿದ್ದರೆ ಸುಣ್ಣವೂ ಆಗುತ್ತದೆ. ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ ಬಳಿಯಬೇಕು. ಒಂದು ಮಾತು ನೆನಪಿಡಿ: ಸುಣ್ಣವನ್ನು ನೀರು ಚಿಮುಕಿಸಿದ ಹಸಿ ನೆಲದ ಮೇಲೆ ಬಳಿಯಬೇಕು, ಅಂಗಡಿ ಬಣ್ಣವನ್ನು ಪೂರ್ತಿ ಒಣಗಿದ ನೆಲದ ಮೇಲೆ. ಎರಡನ್ನೂ ಒಂದೇ ರೀತಿ ಬಳಿದುಹೋಗುವ ಪೇಂಟರುಗಳಿದ್ದಾರೆ. ಸುಣ್ಣ ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಪ್ರತಿ ಬೇಸಿಗೆಗೂ ಹೊಸದಾಗಿ ಬಳಿಯಬೇಕು.

ಹಪ್ಪಳಕ್ಕೆ ಏನೂ ತೊಂದರೆಯಿಲ್ಲ, ಹಳೆಯ ಸೀರೆ ಹಾಸಿ ಒಣಗಿಸಲಿ. ಮೆಣಸಿನಕಾಯಿಯನ್ನು ಮಾತ್ರ ನೇರವಾಗಿ ಬಣ್ಣದ ಮೇಲೆ ಹರವಬೇಡಿ, ಕಲೆ ಹೋಗುವುದಿಲ್ಲ. ನಿಜವಾದ ತಕರಾರು ಬರುವುದು ಎದುರುಗಡೆ ಮಹಡಿ ಮನೆಯವರಿಂದ. ಮಧ್ಯಾಹ್ನ ಅವರ ಕಿಟಕಿಗೆ ನಿಮ್ಮ ಮಾಳಿಗೆ ಕಣ್ಣು ಕುಕ್ಕುತ್ತದೆ. ನಮ್ಮ ಎದುರಿನವರು ಈಗಲೂ ಗೊಣಗುತ್ತಾರೆ!

ಕಲಬುರಗಿಯಿಂದ, ನಿವೃತ್ತ ಸಿವಿಲ್ ಎಂಜಿನಿಯರ್

ರಾಯಚೂರಿನವರು ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ. ತಂಗಿ, ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವೆನಿಸಿದ್ದು ‘ರಾತ್ರಿಯ ಸೆಕೆ’. ಐದಿಂಚಿನ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು, ಕೆಲವು ತಾಸು ತಡವಾಗಿ ಅದನ್ನು ಒಳಗೆ ಬಿಡುತ್ತದೆ. ಹೊರಗೆ ಗಾಳಿ ತಣ್ಣಗಾಗುವ ಹೊತ್ತಿಗೇ ನಿಮ್ಮ ಚಾವಣಿ ಕಾವು ಕಾರಲು ಶುರುಮಾಡಿರುತ್ತದೆ. ಫ್ಯಾನು ಅದರ ಕೆಳಗಿನ ಬಿಸಿಗಾಳಿಯನ್ನು ತಂದು ನಿಮ್ಮ ಮೇಲೆ ಹಾಕುತ್ತದೆ.

ದುಡ್ಡು ಹಾಕುವ ಮೊದಲು ಒಂದು ರಾತ್ರಿ ಹೀಗೆ ಮಾಡಿ. ಎಸಿ ಹಾಕದೆ, ಒಂಬತ್ತರ ಸುಮಾರಿಗೆ ಸ್ಟೂಲಿನ ಮೇಲೆ ನಿಂತು ಸ್ಲ್ಯಾಬಿಗೆ ಅಂಗೈ ಒತ್ತಿ. ಇಳಿದು ಪಶ್ಚಿಮದ ಗೋಡೆಗೆ ಒತ್ತಿ. ಆಮೇಲೆ ಒಳಗಿನ, ಬಿಸಿಲು ಕಾಣದ ಗೋಡೆಗೆ. ಮೂರನೆಯದು ತಣ್ಣಗೆನಿಸುತ್ತದೆ. ಮೊದಲೆರಡರಲ್ಲಿ ಯಾವುದು ಹೆಚ್ಚು ಸುಡುತ್ತದೋ ಅದಕ್ಕೆ ಮೊದಲ ಖರ್ಚು. ಒಂದಂತಸ್ತಿನ ಮನೆಯಲ್ಲಿ ಹತ್ತಕ್ಕೆ ಒಂಬತ್ತು ಬಾರಿ ಸ್ಲ್ಯಾಬೇ ಗೆಲ್ಲುತ್ತದೆ.

ಈಗ ಕೋಬಾ, ಅಂದರೆ ಇಟ್ಟಿಗೆ ಚೂರನ್ನು ಗಾರೆಯಲ್ಲಿ ಸೇರಿಸಿ ಸ್ಲ್ಯಾಬಿನ ಮೇಲೆ ಹಾಸುವ ಪದರದ ವಿಚಾರ. ನಿಮ್ಮ ಗೌಂಡಿ ‘ಇಟ್ಟಿಗೆ ಚೂರಿನ ಕೋಬಾ ಹಾಕಿಸಿ, ತಂಪಾಗುತ್ತದೆ’ ಎಂದೇ ಹೇಳುತ್ತಾರೆ. ನೀರು ಸೋರದಂತೆ ಇಳಿಜಾರು ಕೊಡಲು ಕೋಬಾ ಒಳ್ಳೆಯದು. ಶಾಖದ ಮಟ್ಟಿಗೆ ಅದು ತಡೆಯುವುದಕ್ಕಿಂತ ತಡಮಾಡುವುದೇ ಹೆಚ್ಚು. ಲೆಕ್ಕ ಬೇಕಾದವರಿಗೆ: ಚಾವಣಿಯ ಮೂಲಕ ಎಷ್ಟು ಶಾಖ ದಾಟುತ್ತದೆ ಎನ್ನುವುದಕ್ಕೆ ಯು-ಮೌಲ್ಯ ಎನ್ನುತ್ತಾರೆ, ಕಡಿಮೆಯಿದ್ದಷ್ಟು ಒಳ್ಳೆಯದು. ಇಂಧನ ದಕ್ಷತೆ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯಲ್ಲಿ ಮನೆಗಳ ಚಾವಣಿಗೆ ಇದು 1.2 ದಾಟಬಾರದು ಎಂದಿದೆ. ಬೋಳು ಸ್ಲ್ಯಾಬಿನದು 3ಕ್ಕೂ ಹೆಚ್ಚು. ನಾಲ್ಕಿಂಚು ಕೋಬಾ ಹಾಕಿದರೂ 2ರ ಕೆಳಗೆ ಬರುವುದು ಕಷ್ಟ. ಆದರೆ 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಹಾಳೆ ಹಾಸಿದರೆ 1ರ ಒಳಗೇ ಬಂದುಬಿಡುತ್ತದೆ. ಥರ್ಮಾಕೋಲಿನ ಜಾತಿಯದೇ, ಆದರೆ ಒತ್ತೊತ್ತಾಗಿರುತ್ತದೆ, ನೀರು ಕುಡಿಯುವುದಿಲ್ಲ, ತುಳಿದರೆ ಕುಸಿಯುವುದಿಲ್ಲ.

ಮಾಡಿಸುವ ಕ್ರಮ ತಪ್ಪಬಾರದು. ಮೊದಲು ಸ್ಲ್ಯಾಬಿನ ಬಿರುಕು ಮುಚ್ಚಿ ನೀರುನಿರೋಧಕ ಪದರ. ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಎಲ್ಲೂ ಜಿನುಗಲಿಲ್ಲ ಎಂದು ಖಾತ್ರಿಯಾದ ಮೇಲೆ ಹಾಳೆ. ಅದರ ಮೇಲೆ ಇಳಿಜಾರಿನ ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸು ಇಲ್ಲವೆ ಚೈನಾ ಮೊಸಾಯಿಕ್ (ಒಡೆದ ಟೈಲ್ಸಿನ ಚೂರುಗಳನ್ನು ಕೂರಿಸುವುದು). ಹಾಳೆಯನ್ನು ಬಿಸಿಲಿಗೆ ತೆರೆದಿಟ್ಟರೆ ಹಾಳಾಗುತ್ತದೆ, ಹಾಗಾಗಿ ಮೇಲಿನ ಹೊದಿಕೆ ಬೇಕೇಬೇಕು.

ತೂಕದ ಮಾತು ಯಾರೂ ಎತ್ತುವುದಿಲ್ಲ. ನಾಲ್ಕಿಂಚಿನ ಕೋಬಾ ಎಂದರೆ ಒಂದು ಚದರ ಮೀಟರಿಗೆ ಸುಮಾರು 200 ಕಿಲೋ. ಸುಮಾರು ನಲವತ್ತು ವರ್ಷದ ಸ್ಲ್ಯಾಬ್ ನಿಮ್ಮದು. ಒಳಗಡೆ ಎಲ್ಲಾದರೂ ಗಿಲಾವು ಉದುರಿ ತುಕ್ಕು ಹಿಡಿದ ಸರಳು ಕಂಡರೆ, ಕಂದು ಕಲೆ ಗೆರೆಯಾಗಿ ಹೋಗಿದ್ದರೆ, ಭಾರ ಹೇರುವ ಮಾತೇ ಬೇಡ. ಮೊದಲು ಸರಳು ರಿಪೇರಿ. ಅಂಥ ಮನೆಗೆ ಬಿಳಿ ಬಣ್ಣವೇ ಗತಿ. ಅದು ಕಡಿಮೆಯ ಮಾತಲ್ಲ.

ಬೆಂಗಳೂರಿನಿಂದ, ಮೇಲ್ಮಹಡಿಯ ಫ್ಲಾಟ್

ಫಾಲ್ಸ್ ಸೀಲಿಂಗ್ ಬಗ್ಗೆ ಹೇಳುತ್ತೇನೆ. ನಮ್ಮ ತಾರಸಿ ಅಪಾರ್ಟ್‌ಮೆಂಟ್ ಸಂಘದ್ದು, ಮೇಲೆ ಏನನ್ನೂ ಮಾಡಿಸುವ ಹಾಗಿರಲಿಲ್ಲ, ಹಾಗಾಗಿ ಒಳಗೇ ಮಾಡಿಸಿದೆವು. ಜಿಪ್ಸಮ್ ಹಲಗೆಯ ಮೇಲೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡುವ, ಶಾಖ ತಡೆಯುವ ಉಣ್ಣೆಯಂಥ ಹಾಸು) ಹಾಸಿದ್ದು. ಎಸಿ ಹಾಕಿದಾಗ ಕೋಣೆ ಬೇಗ ತಂಪಾಗುತ್ತದೆ, ತಂಪು ನಿಲ್ಲುತ್ತದೆ. ಆದರೆ ಅರ್ಧ ಅಡಿ ಎತ್ತರ ಹೋಯಿತು, ಹಳೆಯ ಫ್ಯಾನ್ ಕೊಕ್ಕೆಗೆ ಹೊಸ ರಾಡು ಬೇಕಾಯಿತು, ಮೇಲಿನ ಸ್ಲ್ಯಾಬ್ ಸೋರಿದರೆ ಹಲಗೆಯ ಮೇಲೆ ಕಲೆ ಮೂಡುವವರೆಗೆ ಗೊತ್ತೇ ಆಗುವುದಿಲ್ಲ.

ನಮ್ಮ ಗುತ್ತಿಗೆದಾರರು ರಾಕ್‌ವೂಲ್ ಬದಲು ಅಗ್ಗದ ಥರ್ಮಾಕೋಲ್ ತುಂಬುತ್ತೇನೆಂದು ಹಟ ಹಿಡಿದಿದ್ದರು. ಒಳಚಾವಣಿಯಲ್ಲಿ, ಅದೂ ದೀಪದ ತಂತಿಗಳ ಪಕ್ಕದಲ್ಲಿ, ದಯವಿಟ್ಟು ಅದಕ್ಕೆ ಒಪ್ಪಬೇಡಿ. ಬೆಂಕಿ ಹಿಡಿದರೆ ಕರಗಿ ಸುರಿಯುತ್ತದೆ, ಹೊಗೆ ವಿಷ. ನಿಮಗೆ ಮಾಳಿಗೆ ಸ್ವಂತದ್ದಿರುವಾಗ ಒಳಗಿನ ಕೆಲಸ ಯಾಕೆ ಮೇಡಂ?

ಚಳ್ಳಕೆರೆಯಿಂದ

ನಮ್ಮ ಅಜ್ಜನ ಮಾಳಿಗೆ ಮನೆಯ ಮೇಲೆ ಅಡಿಗಟ್ಟಲೆ ಚೌಳು ಮಣ್ಣಿತ್ತು, ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಬಡಿಯುತ್ತಿದ್ದರು. ಅದನ್ನು ಕೆಡವಿ ಆರ್‌ಸಿಸಿ ಕಟ್ಟಿಸಿದ ಮೊದಲ ಬೇಸಿಗೆಯೇ ಮನೆಮಂದಿಯೆಲ್ಲ ಅಂಗಳದಲ್ಲಿ ಮಲಗಿದೆವು. ಹೇಳಬೇಕೆನಿಸಿತು, ಹೇಳಿದೆ. ಆರ್‌ಸಿಸಿಯ ಮೇಲೆ ಮಣ್ಣು ಹಾಕಲು ಹೋಗಬೇಡಿ, ನೆನೆದ ಮಣ್ಣಿನ ಭಾರ ತಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಎಂಜಿನಿಯರ್ ಸರ್ ಹೇಳಿದಂತೆ ಕೈಯಿಟ್ಟು ನೋಡಿದೆವು. ಸ್ಲ್ಯಾಬಿನದೇ ಹೆಚ್ಚು, ಆದರೆ ಪಶ್ಚಿಮದ ಗೋಡೆಯೂ ಏನೂ ಹಿಂದೆ ಬಿದ್ದಿಲ್ಲ. ಅಡುಗೆಮನೆಯ ಮೇಲ್ಗಡೆ ಒಂದು ಕಡೆ ಗಿಲಾವು ಉದುರಿದೆ, ಸರಳು ಕಾಣುತ್ತದೆ. ಹಾಗಾಗಿ ಈ ವರ್ಷ ಅದರ ರಿಪೇರಿ, ಮೇಲೆ ಬಣ್ಣ. ಗೋಡೆಗೆ ಏನು ಮಾಡುವುದು? ಎಸಿ ಕೋಣೆಗೆ ಬೇರೇನಾದರೂ ಬೇಕೇ?

ಬಳ್ಳಾರಿಯಿಂದ

ಪಶ್ಚಿಮದ ಗೋಡೆ ನಮ್ಮ ಮನೆಯ ರೋಗವೂ ಹೌದು. ಕಿಟಕಿಗೆ ಒಳಗಡೆ ಎಷ್ಟು ದಪ್ಪ ಪರದೆ ಕಟ್ಟಿದರೂ ಗಾಜು ದಾಟಿ ಬಂದ ಬಿಸಿಲು ಬಂದಂತೆಯೇ. ತಡೆ ಗಾಜಿನ ಹೊರಗಿರಬೇಕು. ನಾವು ಚಜ್ಜಾದ ಅಂಚಿಗೆ ಬಿದಿರಿನ ತಟ್ಟಿ ತೂಗುಹಾಕಿದ್ದೇವೆ, ಮಧ್ಯಾಹ್ನ ಎರಡಕ್ಕೆ ಇಳಿಸುವುದು, ಸೂರ್ಯ ಮುಳುಗಿದ ಮೇಲೆ ಎತ್ತುವುದು. ಪಶ್ಚಿಮದ ಬಿಸಿಲು ತಗ್ಗಿನಿಂದ ಬರುವುದರಿಂದ ಚಜ್ಜಾ ಒಂದೇ ಸಾಲುವುದಿಲ್ಲ. ಗೋಡೆಗೂ ಹೊರಗಡೆಯಿಂದ ಬಿಳಿ ಬಣ್ಣ. ಜಾಗವಿದ್ದರೆ ಬೇವಿನ ಗಿಡ ನೆಡಿ, ನೆರಳು ಬರಲು ವರ್ಷಗಳು ಬೇಕು, ಆದರೂ ನೆಡಿ. ಒಳಗಡೆ ಆ ಗೋಡೆಗೆ ಬಟ್ಟೆಯ ಕಪಾಟುಗಳನ್ನು ಸಾಲಾಗಿ ನಿಲ್ಲಿಸಿ ಮಂಚವನ್ನು ಎದುರು ಗೋಡೆಗೆ ಸರಿಸಿದೆವು. ಖರ್ಚಿಲ್ಲದ ಕೆಲಸ, ಮಲಗಿದಾಗ ವ್ಯತ್ಯಾಸ ತಿಳಿಯುತ್ತದೆ.

ಎಸಿ ಕೋಣೆಗೆ: ಹಳೆಯ ಮನೆಯ ವೆಂಟಿಲೇಟರ್ ಮುಚ್ಚಿದ್ದೀರಾ ನೋಡಿ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿದ್ದರೆ ರಬ್ಬರ್ ಪಟ್ಟಿ ಅಂಟಿಸಿ. ರಿಮೋಟನ್ನು 24ರಲ್ಲಿಟ್ಟು ಫ್ಯಾನ್ ನಿಧಾನ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. ಗಂಟೆಗೆ ಒಂದು ಯೂನಿಟ್ ಎಂದು ಹಿಡಿದರೂ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 240. ಎಸಿ ಒಂದೇ 200ರ ಗೆರೆ ದಾಟಿಸಿತಲ್ಲ? ಗಂಟೆಗಳನ್ನು ಅರ್ಧಕ್ಕೆ ಇಳಿಸುವಂತಾದರೆ ಮಾತ್ರ ಬಣ್ಣದ ದುಡ್ಡು ಹುಟ್ಟುತ್ತದೆ. ಎಸಿ ಹಾಕದ ಕೋಣೆಗಳ ಕಿಟಕಿಗಳನ್ನು ಹಗಲು ಮುಚ್ಚಿ, ರಾತ್ರಿ ಹೊರಗಿನ ಗಾಳಿ ತಣ್ಣಗಾದ ಮೇಲೆ ಎಲ್ಲವನ್ನೂ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ.

ನಮ್ಮ ಕಡೆ ಒಣ ಹವೆ, ಹಾಗಾಗಿ ಕೂಲರ್ ಕೂಡ ಚೆನ್ನಾಗಿ ನಡೆಯುತ್ತದೆ, ಎಸಿಯ ಕಾಲು ಭಾಗ ವಿದ್ಯುತ್ತೂ ಬೇಡ. ಕಿಟಕಿ ತೆರೆದಿಡಬೇಕು ಅಷ್ಟೆ. ನಲ್ಲಿ ನೀರಿನ ಪರಿಸ್ಥಿತಿ ನಿಮಗೆ ಗೊತ್ತಿದೆ.

ಮಂಗಳೂರಿನಿಂದ

ಕರಾವಳಿಯವರು ಇದನ್ನು ಓದಿ ಕೂಲರ್ ತರಬೇಡಿ ಮಾರಾಯರೇ, ಇಲ್ಲಿಯ ತೇವದಲ್ಲಿ ಮೈ ಇನ್ನಷ್ಟು ಅಂಟಂಟು. ನಮ್ಮ ಹಂಚಿನ ಮನೆಗೆ ಮರದ ಮುಚ್ಚಿಗೆ ಇದೆ. ಅದರ ಮೇಲಿನ ಗಾಳಿ ಹೋಗುವ ಸಂದುಗಳನ್ನು ಇಲಿಗೆ ಹೆದರಿ ಸಿಮೆಂಟಿನಿಂದ ಮುಚ್ಚಿದವರಿದ್ದಾರೆ. ಜಾಲರಿ ಹಾಕಿ, ಮುಚ್ಚಬೇಡಿ.

ಪ್ರಶ್ನೆ ಕೇಳಿದವರು

ಸರ್, ಕೊನೆಯದೊಂದು. ಸೂರ್ಯ ಘರ್ ಯೋಜನೆಯಲ್ಲಿ ಸೌರ ಫಲಕ ಹಾಕಿಸುವ ಮಾತೂ ಮನೆಯಲ್ಲಿದೆ. 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎನ್ನುತ್ತಾರೆ. ಫಲಕದ ನೆರಳೇ ಸಾಕಾಗುವುದಾದರೆ ಬಣ್ಣ ಬೇಡವೇ?

ಕಲಬುರಗಿಯಿಂದ, ನಿವೃತ್ತ ಸಿವಿಲ್ ಎಂಜಿನಿಯರ್

ಫಲಕದ ಕೆಳಗೆ ಗಾಳಿ ಆಡುವಂತೆ ಎತ್ತರದಲ್ಲಿ ಹಾಕಿಸಿದರೆ ನೆರಳು ಖಂಡಿತ ಉಪಕಾರಿ. ಅದು ಮುಚ್ಚುವುದು ಮಾಳಿಗೆಯ ಒಂದು ಭಾಗವನ್ನು ಮಾತ್ರ, ಉಳಿದದ್ದು ಬೋಳಾಗಿಯೇ ಇರುತ್ತದೆ. ಆಯ್ಕೆ ನಿಮ್ಮದಾಗಿದ್ದರೆ ಮಲಗುವ ಕೋಣೆಯ ಮೇಲೆ ಬರುವಂತೆ ಕೂರಿಸಿ, ಟ್ಯಾಂಕಿನ ನೆರಳು ಫಲಕದ ಮೇಲೆ ಬೀಳದಿರಲಿ. ಚೌಕಟ್ಟಿನ ಕಾಲಿಗೆ ಸ್ಲ್ಯಾಬನ್ನು ಕೊರೆಯುತ್ತೇವೆಂದರೆ ಒಪ್ಪಬೇಡಿ, ನಿಮ್ಮ ಸ್ಲ್ಯಾಬಿಗೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಲ್ಲಿಸುವುದೇ ವಾಸಿ. ದಿಮ್ಮಿಗಳನ್ನು ಕೆಳಗೆ ಗೋಡೆಯಿರುವ ಗೆರೆಯ ಮೇಲೆ ಇಡಲು ಹೇಳಿ. ಸರಳಿನ ರಿಪೇರಿ, ಆಮೇಲೆ ಬಣ್ಣ, ಅದು ಒಣಗಿದ ಮೇಲೆ ದಿಮ್ಮಿ. ಫೆಬ್ರವರಿಯಲ್ಲಿ ಶುರುಮಾಡಿ. ಮಾರ್ಚ್ ಕಳೆದರೆ ಬಣ್ಣ ಕುಂಚದಲ್ಲೇ ಒಣಗುತ್ತದೆ, ಪೇಂಟರುಗಳೂ ಸಿಗುವುದಿಲ್ಲ.