ಟೊಮೆಟೊ ಗಿಡ ಹಸಿರಾಗಿದ್ದಾಗಲೇ ಸೊರಗುತ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು, ಚಿಂತಾಮಣಿ ಕಡೆ
ಒಂದೂವರೆ ಎಕರೆ ಟೊಮೆಟೊ, ನಾಟಿ ಮಾಡಿ 40 ದಿನ. ಡ್ರಿಪ್ಪು, ಮಲ್ಚಿಂಗ್ ಪೇಪರ್ ಎಲ್ಲಾ ಇದೆ. ಮಳೆ ನಿಂತ ಮೇಲೆ ತೋಟದ ತಗ್ಗಿನ ಕಡೆ ಗಿಡಗಳು ಮಧ್ಯಾಹ್ನ ಜೋತು ಬೀಳ್ತವೆ, ಬೆಳಿಗ್ಗೆ ಮತ್ತೆ ಎದ್ದು ನಿಲ್ತವೆ, ಮೂರನೇ ದಿನಕ್ಕೆ ಹೋಗೇ ಹೋದವು. ಎಲೆ ಮಾತ್ರ ಹಸಿರಾಗೇ ಇರುತ್ತೆ. ಅಂಗಡಿಯವರು ಕೊಟ್ಟ ಫಂಗಸ್ ಔಷಧಿ ಎರಡು ಸಲ ಬುಡಕ್ಕೆ ಹಾಕಿದೆ, ಏನೂ ಆಗಲಿಲ್ಲ. ಹಿಂದಿನ ಬೆಳೆ ದಪ್ಪ ಮೆಣಸಿನಕಾಯಿ. ಮುಂದಿನ ಸಲ ಯಾವ ತಳಿ ಹಾಕಲಿ?

ಶ್ರೀನಿವಾಸಪುರದಿಂದ
ಅಣ್ಣಾ, ತಳಿ ಆಮೇಲೆ. ಮೊದಲು ಇದು ಯಾವ ಸೊರಗು ಅಂತ ನೋಡಿಕೊಳ್ಳಿ. ನಾನು ಎರಡು ವರ್ಷ ಅದನ್ನು ನೋಡದೆ ಸುಮ್ನೆ ಔಷಧಿ ಸುರಿದವನು.

ಈಗ ತಾನೇ ಸೊರಗಿದ ಗಿಡ ಒಂದನ್ನು ಕಿತ್ತುಕೊಳ್ಳಿ, ಪೂರ್ತಿ ಒಣಗಿದ್ದು ಬೇಡ. ಬುಡದ ಹತ್ತಿರ ಅರ್ಧ ಗೇಣು ಕಾಂಡ ಕತ್ತರಿಸಿ ಮಣ್ಣು ತೊಳೆಯಿರಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕೊಯ್ದ ತುದಿ ನೀರಿಗೆ ತಾಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ನಾನು ಕಾಂಡಕ್ಕೆ ದಾರ ಕಟ್ಟಿ, ಲೋಟದ ಮೇಲೆ ಕಡ್ಡಿ ಅಡ್ಡ ಇಟ್ಟು ನೇತು ಹಾಕಿದ್ದೆ. ಕೆಲವೇ ನಿಮಿಷದಲ್ಲಿ ತುದಿಯಿಂದ ಬೀಡಿ ಹೊಗೆ ತರಹ ಬಿಳಿ ಎಳೆ ಕೆಳಗಿಳಿಯಿತು, ಸ್ವಲ್ಪ ಹೊತ್ತಿಗೆ ನೀರೆಲ್ಲಾ ಮಜ್ಜಿಗೆ ನೀರು. ಎಳೆ ಬಂದರೆ ಬ್ಯಾಕ್ಟೀರಿಯಾ ಸೊರಗು ಅಂತ ಲೆಕ್ಕ, ಅದಕ್ಕೆ ಫಂಗಸ್ ಔಷಧಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಫ್ಯುಸೇರಿಯಂ ಅನ್ನೋ ಫಂಗಸ್‌ನಿಂದ ಬರುವ ಸೊರಗು ಆದರೆ ಎಳೆ ಬರಲ್ಲ. ಅದು ನಿಧಾನ, ಕೆಳಗಿನ ಎಲೆ ಮೊದಲು ಹಳದಿ ಆಗುತ್ತೆ, ಎಷ್ಟೋ ಸಲ ಗಿಡದ ಒಂದೇ ಪಕ್ಕ. ಕಾಂಡ ಸೀಳಿದಾಗ ಒಳಗೆ ಕಂದು ಕಾಣೋದು ಎರಡರಲ್ಲೂ ಇರುತ್ತೆ, ಬರೀ ಅದನ್ನು ನಂಬಬೇಡಿ. ಬೇರಲ್ಲಿ ಗಂಟು ಇದೆಯಾ ಅಂತಲೂ ನೋಡಿ. ಗಂಟು ಮಾಡುವ ಜಂತುಹುಳು ಬೇರಿಗೆ ಗಾಯ ಮಾಡಿದರೆ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆಗೆದುಕೊಟ್ಟ ಹಾಗೆ.

ಬೆಂಗಳೂರಿಂದ, ಸಸ್ಯರೋಗದ ಮೇಲೆ ಓದುತ್ತಿರುವವಳು
ಮೇಲಿನವರು ಹೇಳಿದ್ದು ಸರಿ, ಲ್ಯಾಬಲ್ಲೂ ಮೊದಲು ಮಾಡೋದು ಅದೇ ಲೋಟದ ಪರೀಕ್ಷೆ. ನಿಮ್ಮ ವಿವರಣೆ ಓದಿದರೆ ನನಗೂ ರಾಲ್‌ಸ್ಟೋನಿಯಾ ಅನ್ನೋ ಬ್ಯಾಕ್ಟೀರಿಯಾ ಅಂತಲೇ ಅನಿಸುತ್ತೆ. ಮೆಣಸಿನಕಾಯಿ, ಬದನೆ, ಆಲೂಗಡ್ಡೆ ಎಲ್ಲಾ ಅದಕ್ಕೆ ಮನೆ. ಬದುವಿನ ಮೇಲೆ ಕಾಕಿ ಹಣ್ಣಿನ ಗಿಡ ಇದ್ದರೆ ಅದರಲ್ಲೂ ಬದುಕಿಕೊಂಡಿರುತ್ತೆ. ನೀರು ಹರಿದ ಕಡೆಗೆ ರೋಗ ಹರಿಯುತ್ತೆ, ನಿಮ್ಮ ತಗ್ಗಿನ ಕಡೆ ಮೊದಲು ಬಂದಿರೋದು ಅದಕ್ಕೇ ಇರಬೇಕು.

ತಳಿ ವಿಷಯಕ್ಕೆ ಬಂದರೆ, "ನಿರೋಧಕ ತಳಿ" ಅಂತ ಯಾರಾದರೂ ಹೇಳಿದರೆ "ಯಾವುದಕ್ಕೆ?" ಅಂತ ಕೇಳಿ. ಫ್ಯುಸೇರಿಯಂದು ಬೇರೆಯದೇ ಕಥೆ. ಅದನ್ನು ತಡೆಯೋಕೆ ಕಾಡು ಟೊಮೆಟೊದಿಂದ ತಂದ ಒಂದೇ ಒಂದು ಜೀನ್ ಸಾಕಾಯ್ತು, ಹೆಸರು ಬರೀ "ಐ". ಅದನ್ನೂ ಮೀರುವ ಬಗೆ ಅದೇ ಫಂಗಸ್‌ನಲ್ಲಿ ಬಂತು, ಅಂಥ ಬಗೆಗೆ ರೇಸ್ ಅಂತಾರೆ, ಅದು ರೇಸ್ 2. ಅದಕ್ಕೆ ಐ-2 ಹುಡುಕಿದರು, ರೇಸ್ 3 ಬಂತು, ಐ-3 ಹುಡುಕಿದರು. ಬೀಜದ ಪ್ಯಾಕೆಟ್ ಮೇಲೆ "ಎಫ್‌ಒಎಲ್ 0,1" ಅಂತಿದ್ದರೆ ಟೊಮೆಟೊಗೆ ಬರುವ ಆ ಫ್ಯುಸೇರಿಯಂನ ಎರಡು ರೇಸ್‌ಗೆ ನಿರೋಧಕ ಅಂತ, ಅಮೆರಿಕದವರ ಲೆಕ್ಕದ ರೇಸ್ 1 ಮತ್ತು 2. ಎಣಿಕೆ ಸೊನ್ನೆಯಿಂದ ಶುರು, ನಾನೂ ಮೊದಲು ಎಡವಿದ್ದೆ.

ಬ್ಯಾಕ್ಟೀರಿಯಾ ಸೊರಗಿಗೆ ಹಾಗೆ ಒಂದು ಜೀನ್ ಸಾಲಲ್ಲ. ಹವಾಯಿ 7996 ಅಂತ ಒಂದು ತಳಿ ಇದೆ, ಸಂಶೋಧನೆಯಲ್ಲಿ ಎಲ್ಲರೂ ಅದರ ಜೊತೆಗೇ ಹೋಲಿಸಿ ನೋಡೋದು. ಅದರ ಶಕ್ತಿ 6 ಮತ್ತು 12ನೇ ಕ್ರೋಮೋಸೋಮು ಅಂತ ಹಲವು ಕಡೆ ಹಂಚಿಹೋಗಿದೆ. ಎಲ್ಲವನ್ನೂ ಎಳೆದು ತಂದು ದೊಡ್ಡ ಹಣ್ಣಿನ ತಳಿಗೆ ಸೇರಿಸೋದು ತುಂಬಾ ಕಷ್ಟದ ಕೆಲಸ. ಆ ಮೇಲೆ ನಿರೋಧಕ ಗಿಡದ ಒಳಗೂ ಬ್ಯಾಕ್ಟೀರಿಯಾ ಇರಬಹುದು, ಗಿಡ ಸೊರಗಲ್ಲ ಅಷ್ಟೇ. ಮಣ್ಣು ಬಿಸಿಯಾಗಿ ಒದ್ದೆಯಾಗಿದ್ದರೆ ಒಳ್ಳೆ ತಳಿಯೂ ಸೋಲುತ್ತೆ.

ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಮೂರಕ್ಕೆ ನಿರೋಧಕ: ಎಲೆ ಮುದುಡು ವೈರಸ್, ಬ್ಯಾಕ್ಟೀರಿಯಾ ಸೊರಗು, ಎಲೆ ಮೇಲೆ ಉಂಗುರದ ಚುಕ್ಕೆ ಬರುವ ಅಂಗಮಾರಿ. ಫ್ಯುಸೇರಿಯಂ ಆ ಪಟ್ಟಿಯಲ್ಲಿಲ್ಲ. ಅದಕ್ಕೇ ಲೋಟ ಮೊದಲು, ತಳಿ ಆಮೇಲೆ.

ಮುಳಬಾಗಿಲಿಂದ
"ಯಾವುದಕ್ಕೆ" ಅನ್ನೋದು ನೂರಕ್ಕೆ ನೂರು ನಿಜ. ನರ್ಸರಿಯವರು ರೋಗ ನಿರೋಧಕ ಅಂತ ಕೊಟ್ಟ ಸಸಿ ನಂದು ಪೂರ್ತಿ ಸೊರಗಿತು. ಜಗಳಕ್ಕೆ ಹೋದರೆ ಪ್ಯಾಕೆಟ್ ತೋರಿಸಿದರು, ಅದು ವೈರಸ್‌ಗೆ ನಿರೋಧಕವಂತೆ! ನಾನೇ ಕೇಳಿರಲಿಲ್ಲ.

ಪುತ್ತೂರಿಂದ
ನಮ್ಮ ಕರಾವಳಿಯ ಹುಳಿ ಮಣ್ಣಿಗೆ, ಮಳೆಗೆ ಈ ರೋಗ ಮನೆಯವರ ಹಾಗೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಅನಘ ತಳಿ ಮನೆ ಹಿತ್ತಲಿಗೆ ಒಳ್ಳೆಯದು. ನಾನು ಈಗ ಬದನೆ ಬೇರಿಗೆ ಟೊಮೆಟೊ ಕಸಿ ಮಾಡಿದ ಸಸಿ ಹಾಕುತ್ತೇನೆ. ತೈವಾನಿನ ತರಕಾರಿ ಸಂಶೋಧನಾ ಕೇಂದ್ರದವರು ಬಹಳ ವರ್ಷದಿಂದ ಹೇಳುತ್ತಿರುವ ಉಪಾಯ ಇದು. ಬದನೆ ಅಂದರೆ ಯಾವುದೋ ಬದನೆ ಅಲ್ಲ, ಸೊರಗು ತಡೆಯುವ ಬದನೆಯೇ ಆಗಬೇಕು. ಬದನೆ ಬೇರು ನೀರು ನಿಂತರೂ ಟೊಮೆಟೊಗಿಂತ ಜಾಸ್ತಿ ತಾಳುತ್ತದೆ.

ಸಸಿಗೆ ಖರ್ಚು ಹೆಚ್ಚು, ಸುಳ್ಳು ಹೇಳುವುದಿಲ್ಲ. ಮೊದಲ ಸಲ ನನ್ನದು ಹಾಳಾದದ್ದು ನನ್ನ ತಪ್ಪಿಗೇ. ಟೊಮೆಟೊ ಆಳಕ್ಕೆ ನೆಡುವ ಅಭ್ಯಾಸ ಅಲ್ವಾ, ಹಾಗೇ ನೆಟ್ಟೆ. ಕಸಿಯ ಗಂಟು ಮಣ್ಣೊಳಗೆ ಹೋಯಿತು, ಮೇಲಿನ ಟೊಮೆಟೊ ತನ್ನದೇ ಬೇರು ಬಿಟ್ಟಿತು, ಆ ಬೇರಿನಿಂದ ರೋಗ ಹತ್ತಿತು. ಗಂಟು ಮಣ್ಣಿನಿಂದ ಎರಡು ಬೆರಳಾದರೂ ಮೇಲಿರಲಿ. ಗಂಟಿನ ಕೆಳಗೆ ಬದನೆ ಚಿಗುರು ಬಂದರೆ ಚಿವುಟಿ.

ಕೇಳಿದವರು, ಚಿಂತಾಮಣಿ ಕಡೆ
ಸಂಜೆ ಲೋಟ ಇಟ್ಟೆ. ನಾಲ್ಕು ನಿಮಿಷಕ್ಕೆ ಬಿಳಿ ಎಳೆ ಬಂತು, ಮಗಳು ವಿಡಿಯೋ ಕೂಡ ಮಾಡಿದಳು. ಸೊರಗಿದ ಗಿಡಗಳನ್ನು ಮಣ್ಣು ಸಮೇತ ಚೀಲಕ್ಕೆ ತುಂಬಿ ಹೊರಗೆ ಸಾಗಿಸಿದೆ, ಆ ಸಾಲಿನ ಡ್ರಿಪ್ ಬಂದ್ ಮಾಡಿದೆ. ತಗ್ಗಿನ ಅರ್ಧ ಎಕರೆಗೆ ಮುಂದಿನ ಸಲ ರಾಗಿ, ಆಮೇಲೆ ಜೋಳ. ಮೇಲಿನ ಕಡೆ ರಕ್ಷಕ್ ಹಾಕಿ, ಎರಡು ಸಾಲು ಮಾತ್ರ ಕಸಿ ಸಸಿ ಹಾಕಿ ನೋಡೋಣ ಅಂತ. ಪುತ್ತೂರಿನವರೇ, ಕಸಿ ಸಸಿಗೆ ಎಷ್ಟು ದಿನ ಮುಂಚೆ ಹೇಳಿಡಬೇಕು?

ಪುತ್ತೂರಿಂದ
ಎರಡು ತಿಂಗಳು ಮುಂಚೆ ಹೇಳಿ. ಬದನೆ ನಿಧಾನಕ್ಕೆ ಬೆಳೆಯುತ್ತದೆ, ಅದನ್ನೇ ಮೊದಲು ಬಿತ್ತಬೇಕು.