ಅಟ್ಟದ ಗಿಟಾರ್: ಅಂಟು ಬಿಟ್ಟಿದೆ, ಮರ ಮುರಿದಿಲ್ಲ

ವಾಟ್ಸಾಪ್ ಗುಂಪು: ಸಾಗರದ ಮನೆ

ತಮ್ಮ: ಹೆಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ, ಅಡಿಕೆ ಚೀಲಗಳ ಹಿಂದೆ ಇದು ಸಿಕ್ಕಿತು. ಫೋಟೊ ಹಾಕಿದ್ದೇನೆ, ನೋಡಿ. ಪೆಟ್ಟಿಗೆಯನ್ನು ಗೆದ್ದಲು ಅರ್ಧ ತಿಂದಿದೆ. ಗಿಟಾರಿಗೆ ತಾಗಿಲ್ಲ. ತಂತಿ ಪೂರ್ತಿ ತುಕ್ಕು. ಮೈ ಮೇಲೆ ತಂತಿ ಹಿಡಿದಿಡುವ ಮರದ ತುಂಡು, ಅದೇ ಬ್ರಿಡ್ಜ್, ಹಿಂದಿನಿಂದ ಎದ್ದಿದೆ. ಯಾರದ್ದು ಇದು? ಏನು ಮಾಡೋಣ?

ದೊಡ್ಡಪ್ಪ: ನಿಮ್ಮಜ್ಜ ಕಲ್ಕತ್ತೆಯಿಂದ ತರಿಸಿದ್ದು. ನಿಮ್ಮ ಸಣ್ಣತ್ತೆ ನುಡಿಸುತ್ತಿದ್ದಳು. ಮದುವೆಯಾದ ಮೇಲೆ ಇಲ್ಲೇ ಉಳಿಯಿತು. ಎಸೆಯಬೇಡ. ಹಾಗಂತ ರಿಪೇರಿಗೆ ದುಡ್ಡು ಸುರಿಯುವುದೂ ಬೇಡ. ಒರೆಸಿ ಜಗುಲಿಯ ಗೋಡೆಗೆ ಹಾಕೋಣ. ಅಜ್ಜನ ಫೋಟೊ ಪಕ್ಕ ಚೆನ್ನಾಗಿ ಕಾಣುತ್ತದೆ.

ಭಾವ: ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು. ಎರಡನೇ ಫೋಟೊದಲ್ಲಿ ತಂತಿ ಎಷ್ಟು ಮೇಲಿದೆ ನೋಡಿ. ಕಿರುಬೆರಳು ತೂರುತ್ತದೆ. ಕುತ್ತಿಗೆ ಬಾಗಿದೆ ಅಂತ ಅರ್ಥ. ಇದಕ್ಕೆ ಹಾಕುವ ದುಡ್ಡಿಗೆ ಹೊಸ ಗಿಟಾರೇ ಬರುತ್ತದೆ.

ಅಕ್ಕ (ಚಿಕಾಗೊ): ಯಾರಿಗೂ ಬೇಡದಿದ್ದರೆ ನನಗೆ ಕೊಡಿ. ಡಿಸೆಂಬರಿನಲ್ಲಿ ಬರುತ್ತಿದ್ದೇನೆ, ವಾಪಸ್ ಬರುವಾಗ ತರುತ್ತೇನೆ. ಇಲ್ಲಿ ಒಳ್ಳೆ ರಿಪೇರಿಯವರು ಇದ್ದಾರೆ.

ತಮ್ಮ: ಬಡಗಿ ಇಲ್ಲೇ ಇದ್ದಾನೆ. ಬ್ರಿಡ್ಜಿಗೆ ಎರಡು ಸ್ಕ್ರೂ ಹೊಡೆದು ಅಂಟು ಹಾಕಿದರೆ ಅರ್ಧ ಗಂಟೆಯ ಕೆಲಸ ಅನ್ನುತ್ತಿದ್ದಾನೆ. ಮಾಡಿಸಲಾ?

ನಾನು: ಬೇಡ! ಸ್ಕ್ರೂ ಬೇಡ, ಅಂಟೂ ಬೇಡ. ಈಗ ಮಾಡಬೇಕಾದ್ದು ಒಂದೇ. ಕೀಲಿ ತಿರುಗಿಸಿ ಆರೂ ತಂತಿಯನ್ನು ನಿಧಾನವಾಗಿ ಸಡಿಲ ಮಾಡು. ಉಕ್ಕಿನ ತಂತಿ ಪೂರ್ತಿ ಶ್ರುತಿಯಲ್ಲಿದ್ದಾಗ ಆರೂ ಸೇರಿ ಸುಮಾರು 70 ಕಿಲೋ ಎಳೆಯುತ್ತವೆ. ಬ್ರಿಡ್ಜ್ ಎದ್ದಿರುವುದು ಆ ಎಳೆತಕ್ಕೇ. ಆಮೇಲೆ ಒಂದು ವಿಸಿಟಿಂಗ್ ಕಾರ್ಡನ್ನು ಬ್ರಿಡ್ಜಿನ ಅಡಿಗೆ ತೂರಿಸಿ, ಎಷ್ಟು ಒಳಗೆ ಹೋಗುತ್ತದೆ ಹೇಳು. ಮೈಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕೇಳು. ತಲೆಯ ಕಡೆಯ ಫೋಟೊ ಹತ್ತಿರದಿಂದ ಒಂದು ತೆಗೆ.

ತಮ್ಮ: ಕಾರ್ಡ್ ಹಿಂದಿನಿಂದ ಅರ್ಧದವರೆಗೆ ಹೋಗುತ್ತದೆ. ಮುಂದಿನ ಅಂಚು ಗಟ್ಟಿ ಇದೆ. ಬೆನ್ನಿನ ಹಲಗೆ ಕೆಳಗಡೆ ಒಂದು ಗೇಣಿನಷ್ಟು ಬಿಟ್ಟುಕೊಂಡಿದೆ. ಎಲ್ಲೂ ಸೀಳಿಲ್ಲ. ತಟ್ಟಿದರೆ ಎಡಗಡೆ ಜರ್ ಅನ್ನುತ್ತದೆ. ಪೆಟ್ಟಿಗೆಯ ತಳದಲ್ಲಿ ಒಂದು ಉಕ್ಕಿನ ತುಂಡೂ ಸಿಕ್ಕಿತು, ಹೆಬ್ಬೆರಳಿನಷ್ಟು ದಪ್ಪ, ನುಣ್ಣಗಿದೆ. ನಲ್ಲಿಯದ್ದಿರಬೇಕು, ಗುಜರಿಗೆ ಹಾಕುತ್ತೇನೆ.

ನಾನು: ಹಾಕಬೇಡ, ತೆಗೆದಿಡು. ಅದು ಗಿಟಾರಿನದ್ದೇ.

ಭಾವ, ಕುತ್ತಿಗೆ ಬಾಗಿಲ್ಲ. ಹೊಸ ಫೋಟೊ ದೊಡ್ಡದು ಮಾಡಿ ನೋಡಿ. ತಲೆಯ ಹತ್ತಿರ ತಂತಿಗಳ ಕೆಳಗೆ ಒಂದು ಲೋಹದ ಪಟ್ಟಿ ಕಾಣುತ್ತಿದೆ, ಅಲ್ವಾ? ತಂತಿಯನ್ನು ಬೇಕೆಂದೇ ಮೇಲೆತ್ತಲು ಹಾಕಿದ್ದು. ಇದು ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಅಂಗಾತ ಮಲಗಿಸಿ ನುಡಿಸುತ್ತಾರೆ. ಬೆರಳಿನಿಂದ ತಂತಿ ಒತ್ತುವುದಿಲ್ಲ, ಎಡಗೈಯಲ್ಲಿ ಆ ಉಕ್ಕಿನ ಬಾರ್ ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ತಂತಿ ಕೆಳಗಿದ್ದರೆ ಬಾರ್ ಫ್ರೆಟ್ಟಿಗೆ, ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಗೀಟುಗಳಿಗೆ, ಬಡಿಯುತ್ತದೆ. ಫ್ರೆಟ್ಟುಗಳನ್ನೂ ನೋಡಿ. ಒಂದರ ಮೇಲೂ ತಂತಿ ಒತ್ತಿದ ಗುಳಿಯಿಲ್ಲ. ಬಲಗೈ ಓಡಾಡುವ ಜಾಗದಲ್ಲಿ ಮಾತ್ರ ಪಾಲಿಶ್ ಪೂರ್ತಿ ಹೋಗಿ ಬಿಳಿ ಮರ ಕಾಣುತ್ತಿದೆ. ಅತ್ತೆ ಇದನ್ನು ಸುಮ್ನೆ ಇಟ್ಟುಕೊಂಡಿರಲಿಲ್ಲ, ಜಾಸ್ತಿಯೇ ನುಡಿಸಿದ್ದಾರೆ.

ದೊಡ್ಡಪ್ಪ: ಹೌದು ಹೌದು, ಮಲಗಿಸಿಕೊಂಡೇ ನುಡಿಸುತ್ತಿದ್ದಳು. ರೇಡಿಯೊದಲ್ಲಿ ವ್ಯಾನ್ ಶಿಪ್ಲಿ ಗಿಟಾರಿನಲ್ಲಿ ನುಡಿಸಿದ ಸಿನಿಮಾ ಹಾಡು ಬಂದರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು.

ನಾನು: ಆಗ ಅದರ ಕಾಲವೇ ಇತ್ತು ದೊಡ್ಡಪ್ಪ. ಸಿನಿಮಾ ಹಾಡುಗಳು ಮಾತ್ರ ಅಲ್ಲ. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ಇನ್ನಷ್ಟು ತಂತಿ ಕಟ್ಟಿ ಮೋಹನ ವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿಯೂ ಬಂತು. ಗಮಕ ಬೇಕು ಅನ್ನುವ ನಮ್ಮ ಕಿವಿಗೆ ಈ ಜಾರುವ ಸ್ವರ ಸುಲಭವಾಗಿ ಹಿಡಿಸಿತು.

ಭಾವ: ಕುತ್ತಿಗೆಯ ಮಾತು ಒಪ್ಪಿದೆ. ಆದರೆ ಲೆಕ್ಕ ಲೆಕ್ಕವೇ. ಇಲ್ಲಿ ಬೆಂಗಳೂರಿನಲ್ಲಿ ಒಬ್ಬರಿಗೆ ಫೋಟೊ ಕಳಿಸಿ ಕೇಳಿದೆ. ಏಳೆಂಟು ಸಾವಿರ ಆಗಬಹುದು ಅಂದರು. ಮಾರಿದರೆ ಎರಡು ಸಾವಿರವೂ ಬರುವುದಿಲ್ಲ. ಸೆಂಟಿಮೆಂಟಿಗೆ ಅಷ್ಟು ಖರ್ಚು ಬೇಕಾ?

ನಾನು: ಮಾರುವ ಮಾತು ಯಾರೂ ಎತ್ತಿಲ್ಲ ಭಾವ, ಹಾಗಾಗಿ ಆ ಲೆಕ್ಕ ಬಿಡಿ. ಏನು ಕೆಟ್ಟಿದೆ ಅಂತ ನೋಡಿ ತೀರ್ಮಾನ ಮಾಡೋಣ. ತಮ್ಮ ಹೇಳಿದ್ದನ್ನು ಇನ್ನೊಮ್ಮೆ ಓದಿ. ಬ್ರಿಡ್ಜ್ ಎದ್ದಿದೆ. ಬೆನ್ನಿನ ಹಲಗೆ ಬಿಟ್ಟಿದೆ. ಒಳಗಿನ ಒಂದು ಪಟ್ಟಿ ಸಡಿಲವಾಗಿದೆ, ತಟ್ಟಿದಾಗ ಜರ್ ಅನ್ನುವುದು ಅದೇ ಇರಬೇಕು. ಮೂರೂ ಅಂಟಿನ ಜಾಗ. ಮರ ಎಲ್ಲೂ ಮುರಿದಿಲ್ಲ, ಸೀಳಿಲ್ಲ. ಮಲೆನಾಡಿನ ಮಳೆಗೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಅದರ ಮೇಲೆ ಹೆಂಚಿನ ಕೆಳಗಿನ ಕಾವು. ಇಷ್ಟು ವರ್ಷ ಅದನ್ನು ತಡೆದು ಕೊನೆಗೆ ಅಂಟು ಸೋತಿದೆ. ಅಂಟು ಸೋತದ್ದೇ ಒಳ್ಳೆಯದಾಯಿತು. ಕೀಲು ಬಿಡದೇ ಇದ್ದಿದ್ದರೆ ಮೇಲಿನ ಹಲಗೆಯೇ ಸೀಳುತ್ತಿತ್ತು.

ಹಳೇ ವಾದ್ಯಗಳಿಗೆ ಸರೇಸು ಹಾಕುತ್ತಿದ್ದರು, ಚರ್ಮ ಮೂಳೆ ಬೇಯಿಸಿ ಮಾಡುವ ಅಂಟು. ಬಿಸಿ ಮತ್ತು ತೇವ ಕೊಟ್ಟರೆ ಅದು ಬಿಡುತ್ತದೆ. ಹಾಗಾಗಿ ರಿಪೇರಿಯವರು ಬ್ರಿಡ್ಜನ್ನು ಕಾಯಿಸಿ, ತೆಳು ಚಾಕು ತೂರಿಸಿ ಪೂರ್ತಿ ಬಿಡಿಸುತ್ತಾರೆ. ಎರಡೂ ಕಡೆಯ ಹಳೇ ಅಂಟನ್ನು ಕೆರೆದು ಬರೀ ಮರ ಕಾಣುವಂತೆ ಮಾಡುತ್ತಾರೆ. ಆಮೇಲೆ ಹೊಸ ಅಂಟು ಹಾಕಿ, ಕ್ಲಾಂಪ್ ಬಿಗಿದು ಒಂದು ದಿನ ಬಿಡುತ್ತಾರೆ. ಹಳೇ ಅಂಟಿನ ಮೇಲೆ ಹೊಸ ಅಂಟು ಕೂರುವುದಿಲ್ಲ. ಬಡಗಿಯ ಅರ್ಧ ಗಂಟೆಯ ಕೆಲಸಕ್ಕೆ ನಾನು ಬೇಡ ಅಂದದ್ದು ಅದಕ್ಕೇ. ಕುರ್ಚಿಗೆ ಹಾಕುವ ಬಿಳಿ ಅಂಟು ಸದಾ ಎಳೆಯುತ್ತಿರುವ ತಂತಿಗೆ ನಿಧಾನವಾಗಿ ಜಾರುತ್ತದೆ. ಸ್ಕ್ರೂ ಹೊಡೆದರೆ ತೆಳು ಹಲಗೆಗೆ ತೂತು, ಎಳೆತವೆಲ್ಲ ಆ ಎರಡೇ ಬಿಂದುವಿಗೆ. ಅಲ್ಲಿಂದಲೇ ಸೀಳು ಶುರು. ಆಮೇಲೆ ಎಷ್ಟು ಸಾವಿರ ಕೊಟ್ಟರೂ ಸರಿ ಹೋಗುವುದಿಲ್ಲ.

ದೊಡ್ಡಪ್ಪ, ಗೋಡೆಗೆ ನನ್ನ ಒಪ್ಪಿಗೆ ಇಲ್ಲ. ಇಷ್ಟು ಗಟ್ಟಿ ಇರುವುದನ್ನು ಮೊಳೆಗೆ ಹಾಕಿ ಧೂಳು ಹಿಡಿಸುವುದು ತಪ್ಪು. ನಮ್ಮ ಜಗುಲಿಯ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ ಬೇರೆ.

ಅಕ್ಕ (ಚಿಕಾಗೊ): ಹಾಗಾದರೆ ನನಗೇ ಕೊಡಿ, ನನ್ನ ಮಗಳು ಗಿಟಾರ್ ಕಲಿಯುತ್ತಿದ್ದಾಳೆ.

ದೊಡ್ಡಪ್ಪ: ಫ್ರೆಟ್ಟಿನ ಹಲಗೆ ಬೀಟೆ ಮರದ್ದು. ಬೀಟೆಯನ್ನು ವಿಮಾನದಲ್ಲಿ ಬಿಡುವುದಿಲ್ಲ.

ನಾನು: ಅದು ಹಳೇ ಕಥೆ ದೊಡ್ಡಪ್ಪ. 2017ರಲ್ಲಿ ಬೀಟೆ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ನಿಯಂತ್ರಣಕ್ಕೆ ಬಂದಾಗ ವಾದ್ಯದವರಿಗೆ ತುಂಬಾ ತೊಂದರೆಯಾಯಿತು. 2019ರಲ್ಲಿ ನಮ್ಮ ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನನ್ನ ಹೆದರಿಕೆ ಬೇರೆ. ಅಕ್ಕಾ, ನಿಮ್ಮಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದರೆ ಮನೆಯ ಗಾಳಿ ಎಷ್ಟು ಒಣಗುತ್ತದೆ ನಿಮಗೇ ಗೊತ್ತು, ತುಟಿ ಒಡೆಯುತ್ತದೆ. ಗಿಟಾರಿಗೆ ತೇವಾಂಶ 45ರಿಂದ 55 ಪರ್ಸೆಂಟ್ ಇರಬೇಕು. ಸಾಗರದ ಮಳೆಗೆ ಒಗ್ಗಿದ ಮರವನ್ನು ಒಮ್ಮೆಲೇ ಜನವರಿಯ ಚಿಕಾಗೊಕ್ಕೆ ಒಯ್ದರೆ ಹಲಗೆ ಸೀಳುತ್ತದೆ. ಅಂಟಿನ ರಿಪೇರಿ ಹೋಗಿ ಮರದ ರಿಪೇರಿ ಆಗುತ್ತದೆ. ಇನ್ನೊಂದು, ಇಷ್ಟು ಹೊತ್ತಾಯಿತು, ಸಣ್ಣತ್ತೆಯನ್ನು ಯಾರೂ ಕೇಳಿಲ್ಲ. ಎರಡು ನೀಲಿ ಗೀಟು ಬಂದಿದೆ, ಅವರು ಓದುತ್ತಿದ್ದಾರೆ.

ಸಣ್ಣತ್ತೆ: ಬೆಳಗ್ಗೆಯಿಂದ ಎಲ್ಲ ಓದಿದೆ. ಗೋಡೆಗೆ ಬೇಡ ಅಣ್ಣಾ, ನಾನಿನ್ನೂ ಇದ್ದೇನೆ. ಮದುವೆಯಾಗಿ ಹೋಗುವಾಗ ಇದನ್ನೂ ತೆಗೆದುಕೊಂಡು ಹೋಗುತ್ತೇನೆ ಅನ್ನಲು ಧೈರ್ಯ ಬರಲಿಲ್ಲ. ಆಮೇಲೆ ಕೇಳಲೂ ಇಲ್ಲ. ಆ ಬಾರ್ ನನಗೆ ಬೇಕು. ಬೆರಳು ಈಗ ಸರಿಯಾಗಿ ಮಡಚುವುದಿಲ್ಲ, ವೀಣೆ ಬಿಟ್ಟದ್ದು ಅದಕ್ಕೆ. ಬಾರ್ ಹಿಡಿಯಲು ಅಷ್ಟು ಮಡಚಬೇಕಿಲ್ಲ. ರಿಪೇರಿ ಮಾಡಿಸಿ, ದುಡ್ಡು ನನ್ನ ಪೆನ್ಶನ್ನಿನಿಂದ ಕೊಡುತ್ತೇನೆ.

ದೊಡ್ಡಪ್ಪ: ನಿನ್ನ ಪೆನ್ಶನ್ ಮುಟ್ಟಬೇಡ. ಅಪ್ಪ ತರಿಸಿದ್ದು, ಖರ್ಚು ನನ್ನದು.

ಅಕ್ಕ (ಚಿಕಾಗೊ): ಅತ್ತೆ, ನಿಮಗೆ ಇನ್ನೂ ಬೇಕು ಅಂತ ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ. ಹೊಸ ತಂತಿ ನಾನು ತರುತ್ತೇನೆ. ಮಗಳಿಗೆ ಒಂದು ಹಾಡು ಹೇಳಿಕೊಡಿ.

ಸಣ್ಣತ್ತೆ: ಒಂದೇ ಯಾಕೆ. ಕರೆದುಕೊಂಡು ಬಾ.

ನಾನು: ಭಾನುವಾರ ಸಾಗರಕ್ಕೆ ಬಂದು ಗಿಟಾರ್ ಬೆಂಗಳೂರಿಗೆ ತರುತ್ತೇನೆ. ತಮ್ಮಾ, ಅಲ್ಲಿಯವರೆಗೆ ಬಿಸಿಲಿಗೆ ಇಡಬೇಡ, ಒದ್ದೆ ಬಟ್ಟೆಯಿಂದ ಒರೆಸಬೇಡ. ನಡುಕೋಣೆಯ ಮಂಚದ ಮೇಲೆ ಹತ್ತಿ ಸೀರೆ ಸುತ್ತಿಡು. ಕಾರಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಬರಲಿ. ಡಿಕ್ಕಿಯ ಕಾವಿಗೆ ಉಳಿದ ಅಂಟೂ ಬಿಡುತ್ತದೆ.

ಭಾವ: ಆಯಿತು. ಆದರೆ ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಂಡು ಗ್ರೂಪಿಗೆ ಹಾಕಿ. ಹತ್ತು ಸಾವಿರ ದಾಟಿದರೆ ಮತ್ತೆ ಮಾತಾಡೋಣ.

ನಾನು: ಹಾಕುತ್ತೇನೆ. ದಾಟಿದರೆ ದಾಟಿದ್ದು ನನ್ನದು.